ಆರನೆಯ ಬಂದೂಕು, ಒಂಬತ್ತನೆಯ ಪಿನ್ನು

ಅಡಿಲೇಡಿನ ಒಂದು ಸ್ಮಾರಕ ಕೊಠಡಿಯ ಗಾಜಿನ ಪೆಟ್ಟಿಗೆಯಲ್ಲಿ, ನನ್ನ ಗೆಳೆಯರಾಗಿದ್ದ ಡಾಕ್ಟರೊಬ್ಬರ ಬಂದೂಕಿನ ಕೆಳಗೆ ಒಂದು ಚೀಟಿ ಇದೆ. ‘ಎರಡು ಬಂದೂಕುಗಳ ಅರ್ಧಗಳನ್ನು ಸೇರಿಸಿದ್ದು, ಮುಂದಿನ ಪಿನ್ನನ್ನು ಕೊನೆಯ ಮಾಲೀಕರು ಬದಲಾಯಿಸಿದ್ದಾರೆ’ ಎಂದು ಅದರ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿದೆ. ಅದು ಸುಳ್ಳು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಅಳತೆ ನೋಡಿದವರು ಬೆಂಗಳೂರಿನ ನಿವೃತ್ತ ಪರೀಕ್ಷಕರೊಬ್ಬರು ಎಂದು ನನ್ನನ್ನು ಸಾಕ್ಷಿಯಾಗಿ ನಿಲ್ಲಿಸಿದ್ದಾರೆ. ಅದು ಎರಡನೆಯ ಸುಳ್ಳು. ಡಾಕ್ಟರು ತೀರಿಕೊಂಡಿದ್ದಾರೆ, ಉತ್ತರ ಕೊಡಲಾರರು. ನಾನು ಬದುಕಿದ್ದೇನೆ, ನಾನು ಕೊಟ್ಟ ಉತ್ತರವನ್ನು ಓದುವ ಸೌಜನ್ಯ ಯಾರಿಗೂ ಬರಲಿಲ್ಲ.

ಮೂವತ್ತನಾಲ್ಕು ವರ್ಷ ನಾನು ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯ ಇನ್‌ಸ್ಪೆಕ್ಷನ್ ರೂಮಿನಲ್ಲಿ ಅಳತೆ ನೋಡಿದವನು. ಸೇರಿದ ಹೊಸತರಲ್ಲಿ ನನ್ನ ಮೇಲಿನವರೊಬ್ಬರು ನನ್ನ ಕರಡು ಪುಸ್ತಕದಿಂದ ಅಳತೆಗಳನ್ನು ಎತ್ತಿಕೊಂಡು, ತಾವೇ ನೋಡಿದಂತೆ ಸಹಿ ಹಾಕಿ ಕಳಿಸುತ್ತಿದ್ದರು. ಅದು ನನಗೆ ತಿಳಿದ ಮರುದಿನದಿಂದ ಕರಡನ್ನು ಕನ್ನಡ ಅಂಕಿಗಳಲ್ಲಿ ಬರೆಯತೊಡಗಿದೆ. ಅವರು ಬೇರೆ ರಾಜ್ಯದವರು. ಆ ಪುಟ ಅವರಿಗೆ ಇರುವೆ ಹರಿದಂತೆ ಕಂಡಿರಬೇಕು. ಕಳ್ಳತನ ಅಂದಿಗೆ ನಿಂತಿತು, ಅಭ್ಯಾಸ ನನ್ನ ಕೈಯಲ್ಲಿ ಉಳಿಯಿತು. ನಿವೃತ್ತನಾಗಿ ಮಗಳ ಜೊತೆ ಆಸ್ಟ್ರೇಲಿಯಕ್ಕೆ ಬಂದ ಮೇಲೂ ಹಾಲಿನ ಲೆಕ್ಕದಿಂದ ರಕ್ತದೊತ್ತಡದವರೆಗೆ ಎಲ್ಲವನ್ನೂ ಹಾಗೆಯೇ ಬರೆದುಕೊಳ್ಳುತ್ತಿದ್ದೆ. ಈ ಕಥೆಗೆ ಆ ಅಭ್ಯಾಸವೂ ಒಂದು ಕಾರಣ. ಅದನ್ನು ಮುಚ್ಚಿಡುವುದಿಲ್ಲ.

ಮಗಳು ವೈದ್ಯೆ. ಎರಡು ಸಾವಿರದ ಹನ್ನೊಂದರ ಸುಮಾರಿಗೆ ಅವಳಿಗೆ ಪರ್ತ್‌ನಲ್ಲಿ ಕೆಲಸ ಸಿಕ್ಕಿ, ನಾವು ಕ್ಯಾನಿಂಗ್ಟನ್ನಿನಲ್ಲಿ ಬಾಡಿಗೆ ಮನೆ ಹಿಡಿದೆವು. ಅವಳ ಆಸ್ಪತ್ರೆಯ ಹಿರಿಯ ಶಸ್ತ್ರವೈದ್ಯರೊಬ್ಬರು ಮಂಗಳೂರಿನ ಕಡೆಯ ಕ್ರೈಸ್ತರು, ಮೂವತ್ತು ವರ್ಷದಿಂದ ಅಲ್ಲಿಯೇ ನೆಲೆಸಿದವರು. ನನ್ನ ಹಿಂದಿನ ಕೆಲಸದ ವಿಷಯ ಮಗಳಿಂದ ಕೇಳಿ, ಒಂದು ಭಾನುವಾರ ಮಧ್ಯಾಹ್ನ ಮೋರ್ಲಿಯ ತಮ್ಮ ಮನೆಗೆ ಊಟಕ್ಕೆ ಕರೆದರು. ಊಟವಾದ ಮೇಲೆ ಪರವಾನಗಿಯ ಕಾಗದಗಳನ್ನು ಮೊದಲು ತೋರಿಸಿ, ಆಮೇಲೆ ಕಬ್ಬಿಣದ ಕಪಾಟಿನ ಬೀಗ ತೆಗೆದು, ಒಂದು ಹಳೆಯ ಅರೆಸ್ವಯಂಚಾಲಿತ ಬಂದೂಕನ್ನು ಮೇಜಿನ ಮೇಲೆ ಮಲಗಿಸಿದರು. ಅದರ ನಳಿಗೆಗೆ ಬೆಸುಗೆ ಹಾಕಿ ಮುಚ್ಚಲಾಗಿತ್ತು. ಅದು ಸಿಡಿಯುವ ಕಾಲ ಮುಗಿದು ಎಷ್ಟೋ ವರ್ಷವಾಗಿತ್ತು.

ಪೂರ್ವದ ಗೋಧಿ ಸೀಮೆಯ ಒಬ್ಬ ಮುದುಕ ರೈತ ಅವರ ರೋಗಿಯಾಗಿದ್ದನಂತೆ. ಬಂದೂಕಿನ ಕಾನೂನು ಬಿಗಿಯಾದಾಗ ಉಳಿದವನ್ನೆಲ್ಲ ಸರ್ಕಾರಕ್ಕೆ ಒಪ್ಪಿಸಿ, ಇದೊಂದಕ್ಕೆ ಬೆಸುಗೆ ಹಾಕಿಸಿ, ಸಾಯುವ ಮೊದಲು ಡಾಕ್ಟರ ಕೈಯಲ್ಲಿಟ್ಟನಂತೆ. ಬೆಸುಗೆ ಹಾಕಿದ ದಿನವೇ ಪಿನ್ನುಗಳ ತಲೆಯ ಮೇಲೂ ಕಪ್ಪು ಅರಗು ಸುರಿದಿದ್ದರು, ಮತ್ತೆ ಯಾರೂ ಬಿಚ್ಚಬಾರದೆಂದು.

ಇಂಥ ಬಂದೂಕಿನ ಮೈಗೆ ರಿಸೀವರ್ ಎನ್ನುತ್ತಾರೆ. ಮೇಲಿನ ಅರ್ಧ, ಕೆಳಗಿನ ಅರ್ಧ ಎಂದು ಅದು ಎರಡು ತುಂಡು. ಹಿಂದೊಂದು ಮುಂದೊಂದು ಪಿನ್ನು ಅವನ್ನು ಹಿಡಿದಿಡುತ್ತವೆ. ಈ ಮಾದರಿಯಲ್ಲಿ ಹಳೆಯ ವರ್ಷದವುಗಳ ಮುಂದಿನ ಪಿನ್ನು ದಪ್ಪ, ಆಮೇಲೆ ಬಂದವುಗಳದು ತೆಳು. ಹಳೆಯ ಅರ್ಧಕ್ಕೆ ಹೊಸ ಅರ್ಧವನ್ನು ಕೂಡಿಸಬೇಕಾದರೆ ದಪ್ಪ ರಂಧ್ರದೊಳಗೆ ಉಂಗುರದಂಥ ಒಂದು ಬುಷ್ ಹಾಕಬೇಕು. ಆ ಬುಷ್ಷಿನ ಅಂಚು ಬಲ್ಲವರ ಕಣ್ಣಿಗೆ ಹೊರಗಿನಿಂದಲೇ ಕಾಣುತ್ತದೆ. ನಾನು ಬೆಂಗಳೂರಿನಿಂದ ತಂದಿದ್ದ ಮೈಕ್ರೋಮೀಟರಿನಿಂದ ಅರಗು ಬೀಳದ ಇನ್ನೊಂದು ಬದಿಯಲ್ಲಿ ಪಿನ್ನಿನ ಹೊರಚಾಚಿದ ತುದಿಯನ್ನು ಅಳೆದು, ಇದು ದಪ್ಪ ಪಿನ್ನಿನ ಹಳೆಯ ಬಂದೂಕು, ಎರಡು ಅರ್ಧವೂ ಒಂದೇ ತಾಯಿಯ ಮಕ್ಕಳು ಎಂದೆ. ಪೂರ್ತಿ ಖಚಿತವಾಗಬೇಕಾದರೆ ಅರಗು ಕೆರೆದು ಪಿನ್ನನ್ನು ಹೊರಗೆ ತಳ್ಳಬೇಕು ಎಂದೂ ಹೇಳಿದೆ.

ಡಾಕ್ಟರು ನನ್ನ ಕೈ ಹಿಡಿದರು. “ಬೇಡ ಮಾರಾಯ್ರೆ. ಮನುಷ್ಯರ ಹೊಟ್ಟೆ ಬೇಕಾದ್ರೆ ಬಿಚ್ತೇನೆ, ಇದನ್ನು ಮಾತ್ರ ಬಿಚ್ಲಿಕ್ಕಿಲ್ಲ. ಆ ಮುದುಕ ಕೊಟ್ಟ ಹಾಗೇ ಇರ್ಲಿ.”

ಅವರ ಹೆಂಡತಿ ಕಾಫಿ ತಂದವರು ನಕ್ಕು, ಈ ಮನೆಯಲ್ಲಿ ನನ್ನ ಸೀರೆಪೆಟ್ಟಿಗೆಗೂ ಇಷ್ಟು ಮರ್ಯಾದೆ ಇಲ್ಲ ಎಂದರು. ಆ ಮಧ್ಯಾಹ್ನ ಇವತ್ತಿಗೂ ನನ್ನೊಳಗೆ ಮುಗಿದಿಲ್ಲ. ಅರಗಿನ ಮೇಲೆ ಬಿದ್ದ ಕಿಟಕಿಯ ಬೆಳಕು, ನನ್ನ ಮಣಿಕಟ್ಟಿನ ಮೇಲಿದ್ದ ಅವರ ಒಣ ಬೆರಳುಗಳು. ಅಡಿಲೇಡಿನ ಬಸ್ಸಿನಲ್ಲಿ ಕೂತಾಗ ಎಷ್ಟೋ ಸಲ ಹಿಂದಿನ ಸೀಟಿನಿಂದ ‘ಮಾರಾಯ್ರೆ’ ಎಂದು ಕೇಳಿಸಿ ತಿರುಗಿ ನೋಡಿದ್ದೇನೆ. ಯಾರೋ ಫೋನಿನಲ್ಲಿ ಬೇರೆ ಭಾಷೆ ಮಾತನಾಡುತ್ತಿರುತ್ತಾರೆ.

ಎರಡು ವರ್ಷದ ನಂತರ ಡಾಕ್ಟರು ತೀರಿಕೊಂಡರು. ಅಷ್ಟರಲ್ಲಿ ಮಗಳಿಗೆ ಬೆಡ್‌ಫರ್ಡ್ ಪಾರ್ಕಿನ ಆಸ್ಪತ್ರೆಗೆ ವರ್ಗವಾಗಿ ನಾವು ಅಡಿಲೇಡಿಗೆ ಬಂದಿದ್ದೆವು. ಹೊತ್ತು ಕಳೆಯಲು ನಾನು ಪ್ರತಿ ಮಂಗಳವಾರ ಆ ಸ್ಮಾರಕ ಕೊಠಡಿಗೆ ಹೋಗಿ ಹಳೆಯ ಯಂತ್ರಭಾಗಗಳ ಧೂಳು ಒರೆಸುತ್ತಿದ್ದೆ. ಬಂದೂಕನ್ನು ಏನು ಮಾಡಲಿ ಎಂದು ಡಾಕ್ಟರ ಹೆಂಡತಿ ಫೋನಿನಲ್ಲಿ ಕೇಳಿದಾಗ, ಇಲ್ಲಿಗೆ ಕೊಡಿ, ನಾನಿದ್ದೇನೆ ಎಂದವನು ನಾನೇ. ಆ ‘ನಾನಿದ್ದೇನೆ’ ಎನ್ನುವ ಮಾತು ನನ್ನನ್ನು ಈಗ ಮಲಗಲು ಬಿಡುವುದಿಲ್ಲ.

ಎಲ್ಲ ಕಾಗದಗಳೊಂದಿಗೆ ಬಂದೂಕು ಬಂತು. ಕೊಠಡಿಯಲ್ಲಿ ಅಂಥವು ಒಟ್ಟು ಹನ್ನೊಂದು. ಎಲ್ಲಕ್ಕೂ ದಾರ ಕಟ್ಟಿ ನಂಬರು ತೂಗುಬಿಟ್ಟರು. ಡಾಕ್ಟರದು ಆರು. ಒಂಬತ್ತು ಎಂಬುದು ಆ ಕೊಠಡಿಯನ್ನು ಸ್ಥಾಪಿಸಿದ ದೊಡ್ಡ ಮನುಷ್ಯರದು. ಅವರ ಚಿತ್ರ ಬಾಗಿಲ ಮೇಲೆಯೇ ಇದೆ. ಪ್ರದರ್ಶನದ ಪುಸ್ತಿಕೆಗಾಗಿ ಎಲ್ಲದರ ಅಳತೆ ನೋಡಿ ಬರೆದುಕೊಡಲು ಕೊಠಡಿಯ ಸಮಿತಿಯವರು ನನಗೆ ಹೇಳಿದರು. ಎಲ್ಲರಿಗೂ ಪಿಂಗಾಣಿ ಬಟ್ಟಲಿನಲ್ಲಿ ಚಹಾ ಕೊಟ್ಟು ನನಗೆ ಮಾತ್ರ ಕಾಗದದ ಲೋಟದಲ್ಲಿ ಕೊಟ್ಟದ್ದು ಆ ದಿನವೇ. ಬಟ್ಟಲು ಕಡಿಮೆ ಇರಬಹುದು ಎಂದುಕೊಂಡೆ. ಕಪಾಟಿನಲ್ಲಿ ಇನ್ನೂ ಐದು ಬಟ್ಟಲಿದ್ದವು.

ನಾಲ್ಕು ಮಂಗಳವಾರ ಕೂತು, ಕೈಗೆ ಸಿಕ್ಕ ಕ್ರಮದಲ್ಲಿ ಒಂದೊಂದನ್ನೇ ನೋಡಿ ನನ್ನ ಪುಸ್ತಕದಲ್ಲಿ ಬರೆದೆ. ಮೊದಲ ಪುಟದಲ್ಲಿ ೩ರ ನಂತರ ೯ ಬಂದಿದೆ: ‘ಮುಂದಿನ ಪಿನ್ನು ತೆಳು, ಬುಷ್ ಇದೆ, ಎರಡು ಬಂದೂಕಿನ ಅರ್ಧಗಳು.’ ಮೂರನೆಯ ಪುಟದಲ್ಲಿ ೬: ‘ಮುಂದಿನ ಪಿನ್ನು ದಪ್ಪ, ಅರಗು ಒಡೆದಿಲ್ಲ, ಎಲ್ಲವೂ ಮೂಲದ್ದು.’ ಸ್ಥಾಪಕರ ಬಂದೂಕು ಕೂಡಿಸಿದ್ದು ಎಂದು ಬರೆಯುವಾಗಲೂ ಯಾರು ಕೂಡಿಸಿದರು ಎಂದು ನಾನು ಬರೆಯಲಿಲ್ಲ. ಪಿನ್ನು ತನ್ನನ್ನು ಹಾಕಿದವನ ಹೆಸರು ಹೇಳುವುದಿಲ್ಲ. ‘ಕೊನೆಯ ಮಾಲೀಕರು’ ಎನ್ನುವ ಮಾತು ನನ್ನ ಪುಸ್ತಕದ ಯಾವ ಸಾಲಿನಲ್ಲೂ ಇಲ್ಲ.

ಅದನ್ನು ಇಂಗ್ಲಿಷಿಗೆ ಇಳಿಸುವ ಮೊದಲೇ ನನ್ನ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ಸರದಿ ಬಂತು. ಮೂರು ವಾರ ಓದಬಾರದೆಂದು ಕಣ್ಣಾಸ್ಪತ್ರೆಯವರ ಆಜ್ಞೆ. ಪುಸ್ತಕವನ್ನು ಕೊಠಡಿಯ ಮೇಜಿನಲ್ಲಿಯೇ ಬಿಟ್ಟು, ಮೂರು ವಾರ ಕಾಯಿರಿ ಎಂದು ಸಮಿತಿಯ ಅಧ್ಯಕ್ಷರನ್ನು ಬಾಯಿಬಿಟ್ಟು ಕೇಳಿದೆ. ಅವರು ನನ್ನ ಬೆನ್ನು ತಟ್ಟಿ, ಚಿಂತೆ ಬೇಡ, ಆರಾಮಾಗಿರಿ ಎಂದರು. ಕಾಯುತ್ತಾರೆಂದು ನಾನು ಅರ್ಥಮಾಡಿಕೊಂಡೆ. ಅವರು ಹೇಳಿದ್ದು ನಾನು ಬೇಕಾಗಿಲ್ಲ ಎಂದು.

ಕಣ್ಣಿನ ಪಟ್ಟಿ ಬಿಚ್ಚುವಷ್ಟರಲ್ಲಿ ಪುಸ್ತಿಕೆ ಅಚ್ಚಾಗಿ, ಚೀಟಿಗಳು ಗಾಜಿನೊಳಗೆ ನಿಂತು, ಪ್ರದರ್ಶನ ತೆರೆದಿತ್ತು. ಪುಸ್ತಿಕೆಯ ಒಂದು ಪ್ರತಿ ಅಂಚೆಯಲ್ಲಿ ಮೋರ್ಲಿಗೂ ಹೋಗಿತ್ತು. ನಾನು ಅದನ್ನು ಓದುವ ಮೊದಲೇ ಡಾಕ್ಟರ ಹೆಂಡತಿ ಓದಿದರು. ಅವರ ಫೋನು ಬಂದಾಗ ನಾನು ಕಪ್ಪು ಕನ್ನಡಕ ಹಾಕಿಕೊಂಡು ಹಿತ್ತಲಲ್ಲಿ ಕೂತಿದ್ದೆ. ಕುಶಲ ಕೇಳಲಿಲ್ಲ, ಬೈಯಲೂ ಇಲ್ಲ. ತೀರ ಮೆಲ್ಲಗೆ ಕೇಳಿದರು:

“ಇನ್ನರ್ಧ ಎಲ್ಲಿಟ್ಟಿದ್ದಾರೆ ಅಂತ ನಿಮ್ಮ ಹತ್ರ ಏನಾದ್ರೂ ಹೇಳಿದ್ರಾ?”

ಯಾವುದರ ಇನ್ನರ್ಧ ಎಂದೆ. ಎರಡು ಬಂದೂಕಿನ ಅರ್ಧಗಳನ್ನು ಕೂಡಿಸಿದ್ದರೆ, ಉಳಿದ ಎರಡು ಅರ್ಧಗಳು ಎಲ್ಲೋ ಇರಬೇಕಲ್ಲ ಎಂದರು. ನಲವತ್ತೊಂದು ವರ್ಷ ಸಂಸಾರ ಮಾಡಿದ ಹೆಂಗಸು ಪರವಾನಗಿಯಿಲ್ಲದ ಬಂದೂಕಿನ ತುಂಡುಗಳಿಗಾಗಿ ತನ್ನ ಮನೆಯನ್ನು ತಾನೇ ಜಾಲಾಡುತ್ತಿದ್ದರು. ಗ್ಯಾರೇಜು ನೋಡಿದ್ದಾಗಿತ್ತು. ಗಂಡನ ಕೋಟುಗಳ ಜೇಬು ನೋಡಿದ್ದಾಗಿತ್ತು. ಗುಲಾಬಿ ಪಾತಿಯನ್ನು ಕೆಲಸದವನಿಂದ ಅಗೆಸಿದ್ದಾಗಿತ್ತು.

ಅಷ್ಟೇ ಆಗಿದ್ದರೆ ನಾನು ಕ್ಷಮಿಸುತ್ತಿದ್ದೆನೋ ಏನೋ. ಆದರೆ ಆ ಚೀಟಿ ಅವರ ನೆನಪುಗಳನ್ನೂ ಅಗೆಯತೊಡಗಿತ್ತು. ಒಂದು ವಾರ ಕಳೆದು ಮತ್ತೆ ಫೋನು ಮಾಡಿ, ನಮ್ಮ ಯಜಮಾನರು ಒಂದು ಮಧ್ಯಾಹ್ನ ಊಟದ ಮೇಜಿನ ಮೇಲೆ ಸುತ್ತಿಗೆ ಇಟ್ಟುಕೊಂಡಿದ್ದರು, ನಾನು ಬಂದಕೂಡಲೇ ಎತ್ತಿಟ್ಟರು ಎಂದರು. ಅದರ ಮುಂದಿನ ವಾರ, ಶೆಡ್ಡಿನಿಂದ ಲೋಹ ಬಡಿಯುವ ಸದ್ದು ಕೇಳುತ್ತಿತ್ತು ಎಂದರು. ಮೊದಲು ಎಂದೂ ಹೇಳದ ಸಂಗತಿಗಳು. ಅವರಿಗೆ ಆಗಲೇ ಮರೆವಿನ ಕಾಯಿಲೆ ಶುರುವಾಗಿತ್ತೆಂದು ಮಗಳು ವಿಚಾರಿಸಿ ತಿಳಿದಳು. ಇನ್ನು ಒಂದು ವರ್ಷ, ಹೆಚ್ಚೆಂದರೆ ಒಂದೂವರೆ ವರ್ಷ, ಹೇಳಿದ್ದು ತಲೆಯಲ್ಲಿ ನಿಲ್ಲಬಹುದು ಎಂದಳು. ಆ ಅವಧಿಯೊಳಗೆ ಚೀಟಿ ಬದಲಾಗಬೇಕಿತ್ತು. ಇಲ್ಲವಾದರೆ ಆ ಹೆಂಗಸಿನ ಜೊತೆ ಕೊನೆಯವರೆಗೆ ಇರುವವನು ಅವರು ಮದುವೆಯಾದ ಗಂಡನಲ್ಲ, ಆ ಚೀಟಿಯ ಗಂಡ.

ಕೊಠಡಿಯಿಂದ ನನ್ನ ಕರಡನ್ನು ತರಿಸಿಕೊಂಡು, ಪುಸ್ತಿಕೆಯನ್ನು ಅದರ ಪಕ್ಕದಲ್ಲಿಟ್ಟು ಭೂತಗನ್ನಡಿ ಹಿಡಿದೆ. ಹತ್ತು ನಿಮಿಷದಲ್ಲಿ ತಪ್ಪು ಸಿಕ್ಕಿತು. ನನ್ನ ೯ನ್ನು ೬ ಎಂದು, ನನ್ನ ೬ನ್ನು ೯ ಎಂದು ಓದಿದ್ದರು. ಸ್ಥಾಪಕರ ಬಂದೂಕಿನ ದೋಷ ಡಾಕ್ಟರ ತಲೆಗೆ, ಡಾಕ್ಟರ ಬಂದೂಕಿನ ಶುದ್ಧಿ ಸ್ಥಾಪಕರ ಕೊರಳಿಗೆ. ನಮ್ಮ ಆರು ಮತ್ತು ಒಂಬತ್ತು ಒಂದೇ ಮೈಕಟ್ಟಿನ ಅಣ್ಣತಮ್ಮಂದಿರು, ಕೊಂಡಿ ತಿರುಗುವ ಜಾಗ ಮಾತ್ರ ಬೇರೆ. ಪೊರೆ ಬಂದ ಕಣ್ಣಿನಲ್ಲಿ ಬರೆದ ನನ್ನ ಆ ವರ್ಷದ ೯ಕ್ಕೆ ಕೊಂಡಿ ಚಿಕ್ಕದಾಗಿದೆ. ಆ ಪಾಲು ನನ್ನದು, ಒಪ್ಪಿದ್ದೇನೆ. ಅಂದಿನಿಂದ ಈ ಕಥೆಯ ಹೊರಗೆ ನಾನು ಕನ್ನಡ ಅಂಕಿ ಬರೆದಿಲ್ಲ. ಆದರೂ ಬಸ್ಸಿನ ನಂಬರಿನಲ್ಲಿ, ಮನೆಗಳ ಗೋಡೆಯಲ್ಲಿ, ಮಾತ್ರೆಯ ಡಬ್ಬಿಯ ಮೇಲೆ ಆರು ಕಂಡರೆ ಅದು ಆರೇ ಹೌದೇ ಎಂದು ನಿಂತು ನೋಡುತ್ತೇನೆ.

ಸಮಿತಿಯವರು ನನ್ನ ಪುಟಗಳ ಚಿತ್ರ ತೆಗೆದು ಬ್ರಿಸ್ಬೇನಿನ ಒಬ್ಬ ಸಾಫ್ಟ್‌ವೇರ್ ಇಂಜಿನಿಯರಿಗೆ ಕಳಿಸಿ ಓದಿಸಿದ್ದರೆಂದು ಆಮೇಲೆ ತಿಳಿಯಿತು. ಮೈಸೂರಿನ ಹುಡುಗ; ಪುಸ್ತಿಕೆಯ ಕಂಪ್ಯೂಟರ್ ಕೆಲಸವನ್ನು ದೂರದಿಂದಲೇ, ಪುಕ್ಕಟೆಯಾಗಿ, ಮಾಡಿಕೊಟ್ಟವನು. ಬ್ರಿಸ್ಬೇನಿನಲ್ಲಿ ನಮ್ಮ ಸಂಬಂಧಿಕರೊಬ್ಬರ ಗೃಹಪ್ರವೇಶವಿತ್ತು. ಊಟ ಮುಗಿಸಿ ನೇರ ಅವನ ಮನೆಗೆ ಹೋದೆ. ಬೈಯುವ ಮಾತುಗಳನ್ನು ವಿಮಾನದಲ್ಲಿಯೇ ಜೋಡಿಸಿಕೊಂಡಿದ್ದೆ.

ಹುಡುಗ ಬಾಗಿಲಲ್ಲಿಯೇ ಕಾಲು ಮುಟ್ಟಿ ನಮಸ್ಕರಿಸಿದ. ಬೈಗುಳ ಅರ್ಧ ಅಲ್ಲಿಯೇ ಉದುರಿತು. ಪುಸ್ತಿಕೆ ತೋರಿಸಿದೆ. ಅವನ ಮುಖ ಬಿಳಿಚಿತು.

“ಅಂಕಲ್, ಸುಳ್ಳು ಯಾಕ್ ಹೇಳ್ಲಿ, ಕನ್ನಡ ಓದ್ತೀನಿ, ಬರೀತೀನಿ. ಅಂಕಿ ಮಾತ್ರ ಬಸ್ ಬೋರ್ಡಲ್ಲಿ ನೋಡಿದ್ದಷ್ಟೇ. ಅದೂ ಬಸ್ ಮುಂದೆ ಹೋದ್ಮೇಲೆ ಗೊತ್ತಾಗೋದು.”

ಗೊತ್ತಿಲ್ಲದಿದ್ದರೆ ಒಂದು ಫೋನು ಮಾಡಬಹುದಿತ್ತಲ್ಲ ಎಂದೆ. ನನ್ನ ನಂಬರ್ ಕೇಳಿದ್ದನಂತೆ, ಅವರಿಗೆ ಕಣ್ಣಿನ ಆಪರೇಷನ್ ಆಗಿದೆ, ತೊಂದರೆ ಕೊಡಬೇಡ ಎಂದು ಸಮಿತಿಯವರು ಹೇಳಿದರಂತೆ. ಆಮೇಲೆ ತನ್ನ ಕಂಪ್ಯೂಟರ್ ತೆರೆದು ತಾನು ಕಳಿಸಿದ್ದ ಪಟ್ಟಿಯನ್ನು ತೋರಿಸಿದ. ಹನ್ನೊಂದು ಸಾಲುಗಳಲ್ಲಿ ಎರಡರ ಪಕ್ಕದಲ್ಲಿ, ಕೆಂಪು ಬಣ್ಣದಲ್ಲಿ, ಪ್ರಶ್ನಾರ್ಥಕ ಚಿಹ್ನೆ. ಆರು, ಒಂಬತ್ತು. ‘ಇವೆರಡು ಅದಲುಬದಲಾಗಿರಬಹುದು, ದಯವಿಟ್ಟು ಬಂದೂಕು ನೋಡಿ ಖಚಿತಪಡಿಸಿ’ ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದಿದ್ದ.

“ಬಂದೂಕು ಅವ್ರ ಕೈಯಲ್ಲೇ ಇದೆ, ನೋಡ್ಕೋತಾರೆ ಅಂದ್ಕೊಂಡ್ಬಿಟ್ಟೆ ಅಂಕಲ್,” ಎಂದ. ಅವನ ಹೆಂಡತಿ ನೀರು ತಂದಿಟ್ಟಳು. ಆ ಕೆಂಪು ಚಿಹ್ನೆಗಳ ಕಾಗದದ ಪ್ರತಿಯನ್ನು ಕೇಳಿ ಪಡೆದುಕೊಂಡೆ.

ಅಡಿಲೇಡಿಗೆ ಮರಳಿದ ಮಂಗಳವಾರವೇ ಕೊಠಡಿಗೆ ಹೋಗಿ ಪೆಟ್ಟಿಗೆ ತೆರೆಯಿರಿ ಎಂದೆ. ಅಧಿಕಾರವುಳ್ಳವರು ಬೇಕು ಎಂದರು. ಹಾಗಾದರೆ ಹೊರಗಿನಿಂದಲೇ ನೋಡೋಣ ಎಂದು ಟಾರ್ಚು ಹಾಕಿದೆ. ಒಂಬತ್ತರ ಮುಂದಿನ ಪಿನ್ನಿನ ಸುತ್ತ ಬುಷ್ಷಿನ ಅಂಚು ಹೊಳೆಯಿತು. ಆರರ ಪಿನ್ನಿನ ಮೇಲೆ ಮುದುಕ ರೈತನ ಅರಗು ಒಂದು ಬಿರುಕೂ ಇಲ್ಲದೆ ಕೂತಿತ್ತು. ಗಾಜಿನ ಮೇಲೆ ಬೆರಳಿಟ್ಟು ಅಧ್ಯಕ್ಷರಿಗೆ ತೋರಿಸಿದೆ. ಅವರು ನನ್ನ ಬೆರಳನ್ನು ನೋಡಿದರು, ಅದು ತೋರಿಸುತ್ತಿದ್ದುದನ್ನು ನೋಡಲಿಲ್ಲ. ನಾನು ಬೆರಳು ತೆಗೆದ ಕೂಡಲೇ ಬಟ್ಟೆ ತಂದು ಆ ಗುರುತನ್ನು ಒರೆಸಿದರು. ಗಾಜಿನಲ್ಲಿ ಆಗ ನನ್ನ ಮುಖ ಕಾಣುತ್ತಿತ್ತು. ಅದರ ಹಿಂದೆ, ಬಾಗಿಲ ಮೇಲಿನ ಸ್ಥಾಪಕರ ಚಿತ್ರ. ಒಂದು ಕ್ಷಣ ಮೂರನೆಯ ಒಬ್ಬರು ನಿಂತಂತಾಯಿತು. ಯಾರೆಂದು ನಾನು ತಿರುಗಿ ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ.

ಮೂರು ಪತ್ರ ಬರೆದೆ. ಮೂರಕ್ಕೂ ಸೇರಿ ಎರಡು ಸಾಲಿನ ಒಂದು ಉತ್ತರ ಬಂತು: ನಿಮ್ಮ ಆಸಕ್ತಿಗೆ ಧನ್ಯವಾದ, ಪುಸ್ತಿಕೆಯ ಮರುಮುದ್ರಣದ ಸಂದರ್ಭ ಬಂದರೆ ಪರಿಶೀಲಿಸುತ್ತೇವೆ. ಪರಿಶೀಲಿಸಲು ಬೇಕಾದದ್ದು ಒಂದು ಟಾರ್ಚು, ಎರಡು ಕಣ್ಣು.

ಕಾಯುತ್ತ ಕೂರಲಾಗದೆ ಪುಸ್ತಕವನ್ನು ತೆಗೆದುಕೊಂಡು ಪರ್ತ್‌ಗೆ ಹೋದೆ. ಮೋರ್ಲಿಯ ಆ ಮನೆಯ ಗುಲಾಬಿ ಪಾತಿ ಇದ್ದಲ್ಲಿ ಬರಿಯ ಮಣ್ಣಿತ್ತು. ಊಟದ ಮೇಜಿನ ಮೇಲೆ ಕರಡನ್ನು ತೆರೆದಿಟ್ಟೆ. ಡಾಕ್ಟರ ಹೆಂಡತಿ ಕನ್ನಡ ಶಾಲೆಯಲ್ಲಿ ಕಲಿತವರು. ಕನ್ನಡಕ ಸರಿಮಾಡಿಕೊಂಡು, ಬೆರಳಿಟ್ಟು, ಇದು ಒಂಬತ್ತು ಎಂದರು. ಮೂರನೆಯ ಪುಟಕ್ಕೆ ಹೋಗಿ, ಇದು ಆರು ಎಂದರು. ಕ್ಷಣವೂ ತಡೆಯಲಿಲ್ಲ. ‘ಅರಗು ಒಡೆದಿಲ್ಲ’ ಎಂಬುದನ್ನು ಎರಡು ಸಲ ಓದಿದರು. ಅವರ ಮುಖ ತಿಳಿಯಾದದ್ದನ್ನು ನಾನು ಕಂಡೆ. ಆಮೇಲೆ ಪುಸ್ತಕವನ್ನು ಮುಚ್ಚಿ ನನ್ನ ಕಡೆಗೆ ತಳ್ಳಿದರು.

“ನಿಮ್ಮ ಪುಸ್ತಕ ಸರಿ ಇದೆ. ಆದ್ರೆ ಅಲ್ಲಿ ಇನ್ನೂ ಹಾಗೇ ಬರೆದಿದೆಯಲ್ಲ. ಅಷ್ಟು ದೊಡ್ಡವರು ಗೊತ್ತಿದ್ದೂ ಸುಳ್ಳನ್ನು ಇಟ್ಕೊಳ್ತಾರಾ?”

ಇಟ್ಟುಕೊಳ್ಳುತ್ತಾರೆ ಅಮ್ಮ ಎಂದೆ. ಅವರು ನಂಬಲಿಲ್ಲ. ನಾನು ಗಂಡನ ಗೆಳೆಯ. ಗೆಳೆಯನನ್ನು ಉಳಿಸಲು ಬಂದವನು. ಸಮಿತಿಯವರ ಕಡೆ ಸಂಸ್ಥೆ, ಗಾಜು, ಅಚ್ಚು. ನನ್ನ ಕಡೆ ಇದ್ದದ್ದು ಪೆನ್ಸಿಲು.

ನಾಲ್ಕನೆಯ ಪತ್ರವನ್ನು ಹುಡುಗನ ಪಟ್ಟಿಯ ಪ್ರತಿ ಸೇರಿಸಿ ಕಳಿಸಿದೆ. ಅದಕ್ಕೆ ಎರಡು ಸಾಲೂ ಬರಲಿಲ್ಲ. ಮಂಗಳವಾರ ನಾನು ಬರುವ ಅಗತ್ಯವಿಲ್ಲವೆಂದು ಮಾತ್ರ ಒಬ್ಬರು ಫೋನಿನಲ್ಲಿ ತಿಳಿಸಿದರು, ಬಹಳ ಸೌಜನ್ಯದಿಂದ.

ಮುಂದಿನ ವರ್ಷ ಡಾಕ್ಟರ ಹೆಂಡತಿಯನ್ನು ವೃದ್ಧರ ಆರೈಕೆ ಮನೆಗೆ ಸೇರಿಸಿದರು. ನಾನು ಹೋದಾಗ ಬೆಳಗಿನ ಹನ್ನೊಂದು ಗಂಟೆ, ಕೋಣೆ ತುಂಬ ಬಿಸಿಲು. ಅವರಿಗೆ ನನ್ನ ಗುರುತು ಸಿಗಲಿಲ್ಲ. ಕನ್ನಡ ಮಾತನಾಡಿದ್ದರಿಂದ ನಂಬಿಕೆ ಬಂದಿರಬೇಕು, ಹತ್ತಿರ ಕರೆದು ಪಿಸುಗುಟ್ಟಿದರು: ಮಂಚದ ಕೆಳಗೆ ಒಂದು ಸಲ ನೋಡ್ತೀರಾ, ನರ್ಸುಗಳಿಗೆ ಹೇಳೋ ಹಾಗಿಲ್ಲ, ಯಜಮಾನರು ಅಲ್ಲೇ ಅಡಗಿಸಿಟ್ಟಿರ್ತಾರೆ.

ನಾನು ನೆಲಕ್ಕೆ ಮಂಡಿಯೂರಿದೆ. ಎಪ್ಪತ್ತಾರು ವರ್ಷದ ಮಂಡಿ. ಮಂಚದ ಕೆಳಗೆ ಒಂದು ಜೊತೆ ಚಪ್ಪಲಿ, ಧೂಳು. ಏನೂ ಇಲ್ಲ ಅಮ್ಮ ಎಂದೆ. ಸರಿಯಾಗಿ ನೋಡಿ ಎಂದರು. ಮತ್ತೆ ಬಗ್ಗಿದೆ. ಮೂರು ಸಲ ನೋಡಿಸಿದರು. ಮೂರನೆಯ ಸಲ ಬಗ್ಗಿದಾಗ, ದೇವರಾಣೆಗೂ ಹೇಳುತ್ತೇನೆ, ನಾನೂ ಹುಡುಕುತ್ತಿದ್ದೆ. ಅರಗು ಒಡೆಯದ ಆ ಪಿನ್ನನ್ನು ನನ್ನ ಕೈಯಾರೆ ಅಳೆದವನು ನಾನು. ನಾನೂ ಒಂದು ಕ್ಷಣ ಕತ್ತಲೆಯಲ್ಲಿ ಕಬ್ಬಿಣಕ್ಕಾಗಿ ಕೈ ಚಾಚಿದೆ.

ಅವರು ಆ ಚಳಿಗಾಲವನ್ನು ದಾಟಲಿಲ್ಲ. ಈ ದಶಕ ಮುಗಿಯುತ್ತಿದೆ, ಚೀಟಿ ಇನ್ನೂ ಅಲ್ಲಿದೆ. ಸಮಿತಿಯ ಮಹನೀಯರೇ, ನನ್ನ ೯ರ ಚಿಕ್ಕ ಕೊಂಡಿಗೆ ನಾನು ಉತ್ತರ ಕೊಟ್ಟಿದ್ದೇನೆ, ಬ್ರಿಸ್ಬೇನಿನ ಹುಡುಗ ತನ್ನ ಪಾಲಿಗೆ ಕೊಟ್ಟಿದ್ದಾನೆ. ನೀವು ಹೇಳಬೇಕಾದದ್ದು ಇಷ್ಟೇ: ಆ ಎರಡು ಕೆಂಪು ಪ್ರಶ್ನಾರ್ಥಕ ಚಿಹ್ನೆಗಳನ್ನು ಅಳಿಸಿ ಪಟ್ಟಿಯನ್ನು ಅಚ್ಚಿಗೆ ಕಳಿಸಿದ ದಿನ, ಒಂಬತ್ತನೆಯದು ಯಾರ ಬಂದೂಕೆಂಬುದು ನಿಮ್ಮಲ್ಲಿ ಯಾರು ಯಾರಿಗೆ ಗೊತ್ತಿತ್ತು?